ಲಿವರಿನ ಏಕಾದಶಿ

ನಮ್ಮ ಮನೆಯಲ್ಲಿ ಇಂಗ್ಲಿಷ್ ಕಾಗದಗಳೆಲ್ಲ ನನ್ನ ಆಡಳಿತಕ್ಕೆ ಒಳಪಟ್ಟಿವೆ. ಔಷಧಿ ಚೀಟಿ ಬರಲಿ, ಮಿಕ್ಸಿಯ ಗ್ಯಾರಂಟಿ ಕಾರ್ಡು ಬರಲಿ, ಅತ್ತೆ ಮುಟ್ಟುವುದೂ ಇಲ್ಲ. "ಕಾನ್ವೆಂಟಿನವ್ಳಿಗೆ ಕೊಡಿ" ಎಂದುಬಿಡುತ್ತಾರೆ. ಹೀಗಾಗಿ ನನ್ನ ಯಜಮಾನರ ಲಿವರ್ ಕೂಡ ಕ್ರಮೇಣ ನನ್ನ ಸುಪರ್ದಿಗೇ ಬಂತು.

ಇವರದ್ದು ಕೋಟದಲ್ಲಿ ಹೋಟೆಲ್. ಎರಡು ವರ್ಷದ ಹಿಂದೆ ಸ್ಕ್ಯಾನ್ ಮಾಡಿದಾಗ ಲಿವರಿನಲ್ಲಿ ಕೊಬ್ಬು ಕೂತಿದೆ ಎಂದು ತಿಳಿಯಿತು. ಅಂದಿನಿಂದ ನಾನು ಇವರ ತಟ್ಟೆಗೆ ಪಹರೆ ನಿಂತೆ. ಐದು ಗೋಳಿಬಜೆ ಇದ್ದರೆ ಮೂರನ್ನು ಎತ್ತಿಬಿಡುತ್ತಿದ್ದೆ. ಎತ್ತಿದ್ದನ್ನು ಬಿಸಾಡುವುದುಂಟೇ? ತಿನ್ನುವ ವಸ್ತು ಹಾಳು ಮಾಡುವುದು ಪಾಪ ಎಂದು ನಮ್ಮ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಅಡುಗೆಮನೆಯಲ್ಲಿ ನಿಂತುಕೊಂಡೇ ವಿಲೇವಾರಿ ಮಾಡುತ್ತಿದ್ದೆ. ನಿಂತು ತಿಂದದ್ದು ಮೈಗೆ ಹತ್ತುವುದಿಲ್ಲ ಎಂಬುದು ನನ್ನ ನಂಬಿಕೆ.

ಈ ಸಲ ಡಾಕ್ಟರು ಹೊಸ ಮಾತು ತೆಗೆದರು. "ಸೂಜಿ ಹಾಕಿ ಲಿವರಿನ ಚೂರು ತೆಗೆದು ನೋಡಬೇಕಾಗಬಹುದು. ಅದಕ್ಕಿಂತ ಮೊದಲು ಕೊಬ್ಬು ಎಷ್ಟಿದೆ, ಲಿವರ್ ಗಟ್ಟಿಯಾಗಿದೆಯಾ ಅಂತ ಹೊಸ ಯಂತ್ರದಲ್ಲಿ ಒಮ್ಮೆ ನೋಡುವ. ಗಾಯ ಇಲ್ಲ, ನೋವಿಲ್ಲ. ಕುಂದಾಪುರಕ್ಕೆ ತಿಂಗಳಿಗೊಮ್ಮೆ ತರಿಸ್ತೇವೆ."

ಸೂಜಿ ಎಂದದ್ದೇ ಇವರ ಮುಖ ನೆನೆಹಾಕಿದ ಅವಲಕ್ಕಿಯಂತಾಯಿತು. ದಾರಿಯುದ್ದಕ್ಕೂ ಒಂದೇ ಮಾತು: "ಕಾಣ್, ಆ ಮಿಷಿನ್ನಂಗೆ ಎಂತಾರೂ ಹೆಚ್ಚುಕಮ್ಮಿ ಆಯ್ತೋ, ನಾನ್ ಬೊಂಬಾಯಿಗ್ ಓಡಿ ಹೋಪವ್ನೇ."

ಯಂತ್ರ ಬರುವ ಹಿಂದಿನ ದಿನ ಡಾಕ್ಟರ ಚೀಟಿ ಬಿಡಿಸಿ ಓದಿದೆ. ಮೂರು ಗಂಟೆ ಫಾಸ್ಟಿಂಗ್ ಎಂದಿತ್ತು. ಗಂಟಲು ಸರಿಮಾಡಿಕೊಂಡು ಅನುವಾದಿಸಿದೆ: "ಅತ್ತೆ, ನಾಳೆ ಇವರಿಗೆ ಉಪವಾಸ."

ಅತ್ತೆಗೆ ಪರಮಾನಂದ. "ಅಂತೂ ಮಗಂಗೆ ಬುದ್ಧಿ ಬಂತ್. ಉಪವಾಸಕ್ಕೆ ಎಂತೆಲ್ಲ ಬೇಕ್ ಅಂದ್ಹೇಳಿ ನಾ ಹೇಳ್ತೆ, ನೀ ಮಾಡ್."

ಅತ್ತೆಯ ಏಕಾದಶಿಯಲ್ಲಿ ಅನ್ನವೊಂದು ನಿಷಿದ್ಧ, ಉಳಿದದ್ದೆಲ್ಲ ಉಪವಾಸವೇ. ನನಗೂ ಸಂಶಯ ಬರಲಿಲ್ಲ. ನಮ್ಮ ಸಿಸ್ಟರುಗಳೂ ಉಪವಾಸದ ದಿನ ಮಾಂಸ ಬಿಟ್ಟು ಬ್ರೆಡ್ಡು, ಬಾಳೆಹಣ್ಣು ತಿನ್ನುತ್ತಿದ್ದರು. ಎರಡು ಧರ್ಮಗಳು ಒಪ್ಪಿದ ಮೇಲೆ ಒಂದು ಯಂತ್ರದ ಅಭಿಪ್ರಾಯ ಕೇಳುವವರಾರು? ಮೂರು ಗಂಟೆ ಅನ್ನ ಬಿಡುವುದು ಯಾವ ಮಹಾ ವ್ರತ?

ಬೆಳಿಗ್ಗೆ ಎದ್ದು ತುಪ್ಪದ ಸಜ್ಜಿಗೆ, ಒಗ್ಗರಣೆ ಅವಲಕ್ಕಿ, ಕಾಯಿಹಾಲು ಹಾಕಿದ ಬಾಳೆಹಣ್ಣಿನ ರಸಾಯನ ಮಾಡಿದೆ. ಇವರು ಶ್ರದ್ಧೆಯಿಂದ ಉಪವಾಸ ಮಾಡಿದರು. ಎರಡೆರಡು ಸಲ ಬಡಿಸಿಕೊಂಡು ಮಾಡಿದರು. ನನಗೆ ಮಾತ್ರ ಒಂದು ಗುಟುಕು ಚಾ ಕುಡಿಯಲೂ ಪುರುಸೊತ್ತಾಗಲಿಲ್ಲ.

ಕುಂದಾಪುರದಲ್ಲಿ ಯಂತ್ರ ನೋಡಿಕೊಳ್ಳುವ ಹುಡುಗಿ ಕೇಳಿದಳು, "ಎಂತಾರೂ ತಿಂದಿದ್ರ್ಯಾ?"

"ಛೆ, ಉಪವಾಸ," ಎಂದರು ಇವರು. "ಬರೀ ಸಜ್ಜಿಗೆ, ಅವಲಕ್ಕಿ, ರಸಾಯನ."

ಅವಳು ಪೆನ್ನು ಕೆಳಗಿಟ್ಟಳು. "ರಸಾಯನ ಎಷ್ಟ್?"

"ಎರಡೇ ಲೋಟ."

ತಿಂದ ಹೊಟ್ಟೆಯಲ್ಲಿ ನೋಡಿದರೆ ಮೆತ್ತಗಿನ ಲಿವರನ್ನೂ ಯಂತ್ರ ಗಟ್ಟಿ ಎಂದು ತೋರಿಸುತ್ತದಂತೆ. "ಮತ್ತೆ ಡಾಕ್ಟ್ರು ಸೂಜಿಯೇ ಬರೀತ್ರ್," ಎಂದಳು. ಇವರು ನನ್ನನ್ನು ನೋಡಿದ ನೋಟದಲ್ಲಿ ಬೊಂಬಾಯಿಯ ಬಸ್ಸು ಕಾಣುತ್ತಿತ್ತು!

ಕೊನೆಗೆ ಅವಳಿಗೇ ಕರುಣೆ ಬಂತು. ಮಧ್ಯಾಹ್ನ ಡಾಕ್ಟರೂ ಯಂತ್ರವೂ ಬೈಂದೂರಿಗೆ ಹೋಗುತ್ತಾರೆ, ಅಷ್ಟರವರೆಗೆ ಏನೂ ಬಾಯಿಗೆ ಹಾಕದೆ ಅಲ್ಲಿಗೆ ಬನ್ನಿ ಎಂದಳು. ಮತ್ತೆ ನನ್ನತ್ತ ತಿರುಗಿ, "ಅಕ್ಕಾ, ನೀವು ತಿಂದಿದ್ರ್ಯಾ? ಇಲ್ದಿದ್ರೆ ಮನಿಕಣಿ. ನಿಮ್ಗ್ ಕೊಟ್ಟ ಹೊತ್ತ್ ಸುಮ್ನೆ ಹಾಳಾತ್ತ್."

ಇವರ ಹೆದರಿಕೆಯಾದರೂ ಹೋಗಲಿ ಎಂದು ಮಲಗಿದೆ. ಬಲಗಡೆ ಪಕ್ಕೆಲುಬಿನ ಸಂದಿಗೆ ಏನೋ ಇಟ್ಟು, ಹಲಸಿನಕಾಯಿ ಬೆಳೆಯಿತೋ ಇಲ್ಲವೋ ಎಂದು ತಟ್ಟುವ ಹಾಗೆ ತಟ್ಟಿದಳು. ಪರದೆ ನೋಡಿದಳು. ನನ್ನನ್ನು ನೋಡಿದಳು. ಮತ್ತೊಮ್ಮೆ ತಟ್ಟಿದಳು. "ಬೈಂದೂರಂಗೆ ಡಾಕ್ಟ್ರೇ ಹೇಳ್ತ್ರ್," ಎಂದಳು.

ಬೈಂದೂರಿನ ಬಸ್ಸು ಕಿರಿಮಂಜೇಶ್ವರದಲ್ಲಿ ನಿಂತಾಗ ಪರಿಚಯದ ಹೆಂಗಸೊಬ್ಬರು ಹತ್ತಿ ದೇವಸ್ಥಾನದ ಪಂಚಕಜ್ಜಾಯ ಕೊಟ್ಟರು. ಇವರು ಕೈ ಚಾಚುವಷ್ಟರಲ್ಲಿ ನಾನು ಅಡ್ಡ ಬಂದೆ. ಪ್ರಸಾದ ಬಿಸಾಡುವ ಹಾಗಿಲ್ಲವಲ್ಲ, ಇಬ್ಬರ ಪಾಲನ್ನೂ ನಾನೇ ಮುಗಿಸಿದೆ.

ಬೈಂದೂರಿನಲ್ಲಿ ಇವರ ಪರೀಕ್ಷೆಯೂ ಆಯಿತು. ಡಾಕ್ಟರು ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಂಡರು. "ಯಜಮಾನ್ರದ್ದು ಕೊಬ್ಬು ಚೆನ್ನಾಗಿ ಇಳಿದಿದೆ, ಲಿವರ್ ಮೆತ್ತಗಿದೆ. ಸೂಜಿ ಬೇಡ."

ಇವರು ಕುರ್ಚಿಯಲ್ಲಿ ಮೊದಲ ಬಾರಿಗೆ ಪೂರ್ತಿ ಕೂತರು.

"ಹೇಗೆ ಇಳಿಸಿದ್ರಿ ಇಷ್ಟು?"

ನಾನು ಸೆರಗು ಸರಿಮಾಡಿಕೊಂಡು ಹೇಳಿದೆ, "ಎರಡು ವರ್ಷದಿಂದ ಇವರ ತಟ್ಟೆಯಿಂದ ಅರ್ಧ ತೆಗೆದುಬಿಡ್ತೇನೆ ಡಾಕ್ಟ್ರೇ."

"ತೆಗೆದು ಎಲ್ಲಿ ಹಾಕ್ತೀರಿ?"

ನಾನು ಮತ್ತೊಮ್ಮೆ ಸೆರಗು ಸರಿಮಾಡಿಕೊಂಡೆ. ಅವರು ಎರಡನೆಯ ಕಾಗದವನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. ಹೆಸರು ನನ್ನದೇ. ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು ಇಂಗ್ಲಿಷ್. ಎರಡು ವರ್ಷದ ಹಿಂದೆ ಇವರ ಕಾಗದದಲ್ಲಿ ಇದ್ದ ಸಾಲಿಗಿಂತ ಅದು ಕೊಬ್ಬಿನ ಲೆಕ್ಕದಲ್ಲಿ ಒಂದು ಮೆಟ್ಟಿಲು ಮೇಲಿತ್ತು.

ಇವರು ಹೆಗಲ ಮೇಲಿಂದ ಇಣುಕಿದರು. "ಹ್ವಾಯ್ ಕಾನ್ವೆಂಟಿನವ್ಳೇ, ಎಂತ ಬರ್ದಿದ್ದ್ರ್? ಸ್ವಲ್ಪ ಓದಿ ಹೇಳ್."

"ನಂಗೆ ಇಂಗ್ಲಿಷ್ ಬತ್ತಿಲ್ಲೆ," ಎಂದೆ.