ಮೂಗಿಗೆ ಬಿಡುವು ಕೊಟ್ಟ ದಿನಗಳು

ಕೆಟ್ಟ ಅಭ್ಯಾಸವೊಂದನ್ನು ಬಿಡುತ್ತೇನೆಂದು ಒಮ್ಮೆ ಬಾಯಿಬಿಟ್ಟು ಹೇಳಿದರೆ ಸಾಕು, ನಗೆಪಾಟಲಾಗುವ ಪ್ರಸಂಗಗಳು ವಿಳಾಸ ಕೇಳಿಕೊಂಡು ಮನೆಗೆ ಬರುತ್ತವೆ. ನನ್ನ ಅನುಭವ ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲದ್ದು. ಆಗ ನಾನು ಗಾಳಿಬೀಡಿನ ಕಡೆ ಪ್ರಾಥಮಿಕ ಶಾಲೆಯೊಂದರಲ್ಲಿ ಮೇಷ್ಟ್ರು.

೧. ಅನ್ನ

ಅದೊಂದು ಸಾಮಾನ್ಯ ಬುಧವಾರ. ಹೆಂಡತಿ ತೀರಿಕೊಂಡು ಐದು ತಿಂಗಳಾಗಿತ್ತು. ಒಲೆಯ ಮೇಲೆ ಅನ್ನಕ್ಕಿಟ್ಟು, ಪಕ್ಕದಲ್ಲೇ ಕುಳಿತು ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿದ್ದೆ. ಒಂಬತ್ತು ವರ್ಷದ ಮಗಳು ಹೊರಗಿನಿಂದ ಓಡಿಬಂದು ಪಾತ್ರೆ ಇಳಿಸಿದಳು. ತಳ ಕರಿಯಾಗಿತ್ತು.

“ಅಪ್ಪಾ, ರಸ್ತೆವರೆಗೂ ಸೀದ ವಾಸನೆ. ನಿಮಗೆ ಬರಲಿಲ್ವಾ?”

ಬಂದಿರಲಿಲ್ಲ. ಇಪ್ಪತ್ತು ವರ್ಷ ನಶ್ಯ ಏರಿಸಿದ ಮೂಗು ಯಾವಾಗ ಕೆಲಸ ನಿಲ್ಲಿಸಿತೋ ನನಗೇ ತಿಳಿಯದು. ಹೆಂಡತಿ ಇರುವವರೆಗೆ ಅಡುಗೆಮನೆಯಲ್ಲಿ ಅದರ ಅಗತ್ಯ ಬಿದ್ದಿರಲಿಲ್ಲ.

“ಹಾಗಾದರೆ ದಿನವೂ ಸೀದ ಅನ್ನವೇ ತಿಂದೆಯಾ?”

“ಇಲ್ಲಪ್ಪ,” ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು. “ವಾರಕ್ಕೆ ನಾಲ್ಕೇ ದಿನ.”

ನಶ್ಯ ಬಿಡಿ ಎಂದು ಅವಳ ತಾಯಿ ಹದಿನಾರು ವರ್ಷ ಹೇಳಿದ್ದಳು. ನಾನು ಡಬ್ಬಿ ಮುಚ್ಚಿದ್ದು ಆ ಬುಧವಾರ. ಮಡಿಕೇರಿಯ ಡಾಕ್ಟರು, “ಮೂಗಿಗೆ ಬಿಡುವು ಕೊಟ್ಟು ನೋಡಿ. ವಾಸನೆ ಮರಳಬಹುದು, ಮರಳದೆಯೂ ಇರಬಹುದು,” ಎಂದರು.

೨. ಭದ್ರ ಸ್ಥಳ

ಮನೆಯಲ್ಲಿದ್ದರೆ ಕೈ ಹೋದೀತೆಂದು ಡಬ್ಬಿಯನ್ನು ಪಕ್ಕದ ಮನೆಯ ಅರ್ಚಕರಿಗೆ ಒಪ್ಪಿಸಿದೆ. “ಕಾಲು ಹಿಡಿದರೂ ಕೊಡಬೇಡಿ ಭಟ್ಟರೇ.”

ನಾಲ್ಕನೆಯ ದಿನ ತಲೆ ಸಿಡಿಯತೊಡಗಿತು. ಹೋಗಿ ಕೇಳಿದೆ. ಇಲ್ಲವೆಂದರು. ಕಾಲು ಹಿಡಿದೆ. ಆಗಲೂ ಇಲ್ಲವೆಂದರು. ಎಂಥ ದೃಢಮನಸ್ಸು ಎಂದುಕೊಂಡು ಕಣ್ಣೊರೆಸುತ್ತ ಏಳುವಷ್ಟರಲ್ಲಿ ಅವರು ಮೂರು ಸಲ ಸೀನಿದರು.

“ನಿನ್ನೆಗೇ ಮುಗೀತು ಮೇಷ್ಟ್ರೇ,” ಎಂದರು ತಗ್ಗಿದ ದನಿಯಲ್ಲಿ. “ಇನ್ನೊಂದು ಡಬ್ಬಿ ಇದ್ದರೆ ಅದನ್ನೂ ಇಲ್ಲೇ ಇಡಿ.”

೩. ನಡಿಗೆ

ಚಟ ಕೆಣಕಿದಾಗ ಎದ್ದು ನಡೆಯಿರಿ ಎಂದಿದ್ದರು ಡಾಕ್ಟರು. ಅವರು ಹೊರಗಿನವರು. ನಮ್ಮಲ್ಲಿ ಒಂದು ಮನೆಯನ್ನು ಸುಮ್ಮನೆ ದಾಟಿ ಹೋಗುವುದೆಂದರೆ ಆ ಮನೆಯವರೊಡನೆ ಮಾತು ಬಿಟ್ಟಂತೆ ಎಂದು ಅವರಿಗೆ ತಿಳಿಯದು.

“ಏನು ಮೇಷ್ಟ್ರೇ, ನಮ್ಮ ಮೇಲೆ ಎಂಥ ಸಿಟ್ಟು? ಬನ್ನಿ, ಬನ್ನಿ,” ಎಂದು ಮೊದಲ ಮನೆಯ ಅಜ್ಜಿ ಕರೆದರು. ಬೆಲ್ಲದ ಕಾಫಿ, ರೊಟ್ಟಿ. ಅಲ್ಲಿ ಕುಡಿದದ್ದನ್ನು ಕಂಡ ಎರಡನೆಯ ಮನೆಯವರು ಬಿಡುವರೆ? ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಅಡ್ಡ ನಿಂತು ಕೇಳಿದರು: “ಒಂದು ಚಿಟಿಕೆ ನಶ್ಯ ಬಿಡ್ಲಿಕ್ಕೆ ಏಳು ಲೋಟ ಕಾಫಿಯಾ ಮಾರಾಯ್ರೇ? ನಮ್ಮಲ್ಲಿ ಎಂಟನೆಯದು ಆಗಲಿ.”

ತಿಂಗಳ ಬಳಿಕ ಡಾಕ್ಟರು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳನ್ನು ನೋಡಿದರು, ನನ್ನನ್ನು ನೋಡಿದರು. “ಆರೋಗ್ಯದ ಮೇಲೆ ಆಸೆಯಿದ್ದರೆ ಇನ್ನು ಮನೆಯಲ್ಲೇ ಕೂತಿರಿ,” ಎಂದರು.

೪. ಪರೀಕ್ಷೆ

ಪ್ರತಿ ಸಂಜೆ ಮಗಳು ನನ್ನ ಕಣ್ಣಿಗೆ ಟವೆಲ್ ಕಟ್ಟಿ ಮೂಗಿಗೆ ಏನಾದರೂ ಹಿಡಿಯುತ್ತಿದ್ದಳು.

“ಇದು?”

“ಏಲಕ್ಕಿ.”

“ಸೀಮೆಎಣ್ಣೆ. ಇದು?”

“ಸಾಬೂನು.”

“ನಮ್ಮ ಬೆಕ್ಕು. ಸೊನ್ನೆ ಅಂಕ ಅಪ್ಪಾ.” ನನ್ನ ಕೆಂಪು ಶಾಯಿಯಲ್ಲೇ ಬರೆದಿಡುತ್ತಿದ್ದಳು. ಮೂರು ತಿಂಗಳು ಸೊನ್ನೆಯ ಹೊರತು ಬೇರೇನೂ ಬೀಳಲಿಲ್ಲ. ಡಾಕ್ಟರ “ಮರಳದೆಯೂ ಇರಬಹುದು” ನೆನಪಾಗಿ, ಹೊಸ ಡಬ್ಬಿ ಕೊಳ್ಳಲು ಎರಡು ಬಾರಿ ಅಂಗಡಿಯ ಮೆಟ್ಟಿಲವರೆಗೆ ಹೋಗಿ ಬಂದೆ.

೫. ಹೊಸ ಪದ್ಧತಿ

ಮಾರ್ಚಿನಲ್ಲಿ, ಮೊದಲ ಮಳೆ ಬಿದ್ದು ವಾರ ಕಳೆದಿತ್ತು, ಇನ್ಸ್‌ಪೆಕ್ಟರು ಬಂದರು. ಮೂರನೆಯ ತರಗತಿಗೆ ಬಾಯಿಲೆಕ್ಕ ಕೊಟ್ಟರು: “ಹದಿನೇಳು ಮೂರಲೆ?”

ನಲವತ್ತು ಮಕ್ಕಳು ಒಟ್ಟಿಗೆ ಎಡಗೈಯನ್ನು ಎರಡು ಸಲ ತಟ್ಟಿದರು. ಅಂಗೈಯಿಂದ ಏನನ್ನೋ ಚಿಟಿಕೆ ಹಿಡಿದರು. ಮೂಗಿಗೆ ಒಯ್ದು ಬುಸ್ಸೆಂದು ಎಳೆದರು. ತಲೆ ಕೊಡವಿದರು. ಆಮೇಲೆ, “ಐವತ್ತೊಂದು!”

ಇನ್ಸ್‌ಪೆಕ್ಟರು ಇನ್ನೊಂದು ಲೆಕ್ಕ ಕೊಟ್ಟರು. ಮತ್ತೆ ನಲವತ್ತು ಬುಸ್ಸು. ಉತ್ತರ ಸರಿ.

“ಇದು ಯಾವ ಪದ್ಧತಿ?”

ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು. “ಹೀಗೆ ಮಾಡಿದ್ರೆ ಉತ್ತರ ಬರ್ತದೆ ಸಾರ್. ಮೇಷ್ಟ್ರು ಹೀಗೆ ಮಾಡಿಯೇ ಲೆಕ್ಕ ಹೇಳ್ತಿದ್ದದ್ದು. ಈಗ ಮರ್ತುಬಿಟ್ಟಿದ್ದಾರೆ. ನಾವು ಮರ್ತಿಲ್ಲ.”

ನೌಕರಿ ಹೋಯಿತೆಂದೇ ಎಣಿಸಿದೆ. ಇನ್ಸ್‌ಪೆಕ್ಟರು ನಿಧಾನವಾಗಿ ಕೋಟಿನ ಜೇಬಿಗೆ ಕೈಹಾಕಿ ಬೆಳ್ಳಿಯ ಡಬ್ಬಿಯೊಂದನ್ನು ತೆಗೆದರು. ತಾವೊಂದು ಚಿಟಿಕೆ ಏರಿಸಿ, ತೆರೆದ ಡಬ್ಬಿಯನ್ನು ನನ್ನತ್ತ ಚಾಚಿದರು.

“ತಗೊಳ್ಳಿ ಮೇಷ್ಟ್ರೇ. ಮಕ್ಕಳ ಮುಂದೆ ಸಂಕೋಚ ಯಾಕೆ? ಅವರೆಲ್ಲ ಆಗಲೇ ಏರಿಸಿಯಾಯ್ತಲ್ಲ.”

ಮೇಲಧಿಕಾರಿಯ ಕೈ. ವರದಿ ಇನ್ನೂ ಬರೆದಿರಲಿಲ್ಲ. ಮಕ್ಕಳು ನನ್ನ ಕೈಯನ್ನೇ ನೋಡುತ್ತಿದ್ದರು. ನನ್ನ ಬೆರಳುಗಳು ತಾವಾಗಿಯೇ ಚಿಟಿಕೆಯಾದವು.

“ಬೇಡ ಸಾರ್,” ಎಂದೆ.

ಇನ್ಸ್‌ಪೆಕ್ಟರು ಸೀನಿದರು. ನಲವತ್ತು ಮಕ್ಕಳೂ ಸೀನಿದರು. ಕಿಟಕಿ ತೆರೆದಿತ್ತು. ಕಾಫಿ ಹೂವಿನ ವಾಸನೆ ಬಂತು.