ಮಾವನ ಹುಳುಗಳಿಗೆ ನಾನು ಕಟ್ಟಿದ ರಾಗ

ಮಾವನವರನ್ನು ಹತ್ತೇ ನಿಮಿಷದಲ್ಲಿ ಗೆದ್ದುಬಿಡುತ್ತೇನೆಂದು ನನಗೆ ಸಂಪೂರ್ಣ ಭರವಸೆಯಿತ್ತು. ಹದಿನಾಲ್ಕು ವರ್ಷದಿಂದ ಅವರು ನನ್ನನ್ನು ಅಳಿಯನೆಂದು ಒಪ್ಪಿದ್ದಾರೆ. ಸಂಗೀತಗಾರನೆಂದು ಒಪ್ಪಿರಲಿಲ್ಲ.

ತಪ್ಪು ಅವರದಲ್ಲ. ಮದುವೆಯಾದಾಗ ನಾನು ಚಿಂತಾಮಣಿಯ ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಅದು ಅವರಿಗೆ ಅರ್ಥವಾಗುತ್ತಿತ್ತು. ಆಮೇಲೆ ನನಗೆ ಬುದ್ಧಿ ಬೆಳೆಯಿತು! ಕುಕ್ಕರಿನ ಸೀಟಿ, ತೊಂಡೇಬಾವಿಯ ರೈಲ್ವೆ ಗೇಟಿನ ಗಂಟೆ, ನಡೆದರೆ ಕೀಕ್ ಕೀಕ್ ಎನ್ನುವ ಮಕ್ಕಳ ಬೂಟು, ಎಲ್ಲವನ್ನೂ ರೆಕಾರ್ಡ್ ಮಾಡಿ, ಲ್ಯಾಪ್‌ಟಾಪಿಗೆ ತುಂಬಿ, ಹಿಗ್ಗಿಸಿ, ಕುಗ್ಗಿಸಿ, ಹಿಂದುಮುಂದು ಮಾಡಿ ಎಲೆಕ್ಟ್ರಾನಿಕ್ ಸಂಗೀತ ಕಟ್ಟತೊಡಗಿದೆ. ಬೆಂಗಳೂರಿನ ಸಣ್ಣ ಸಭಾಂಗಣಗಳಲ್ಲಿ ಜನ ಕಣ್ಣು ಮುಚ್ಚಿ ತಲೆದೂಗುತ್ತಾರೆ. ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಮಾತ್ರ, "ಕುಕ್ಕರ್ ಕೂಗ್ತಾ ಐತೆ, ಆಫ್ ಮಾಡಮ್ಮಾ" ಎಂದು ನನ್ನ ಹೆಂಡತಿ ಶೈಲಜಳಿಗೆ ಹೇಳಿ ಹೋಗುತ್ತಾರೆ.

ಒಮ್ಮೆ ಮಾವನವರು ನನ್ನ ಸಂಗೀತ ಕಚೇರಿಗೆ ಬಂದಿದ್ದರು. ಒಂದೂವರೆ ಗಂಟೆ ನುಡಿಸಿ, ಬೆವರು ಒರೆಸಿಕೊಂಡು ಕೆಳಗಿಳಿದೆ. ಅವರು ಬಲು ಪ್ರೀತಿಯಿಂದ ಕೇಳಿದರು: "ಮೈಕ್ ಎಲ್ಲಾ ಸರಿಹೋಯ್ತಾ? ಶುರು ಮಾಡಿ ಮತ್ತೆ."

ಶೈಲಜ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆದರೆ ಆವತ್ತು ನನಗೆ ಊಟ ಸೇರಲಿಲ್ಲ. ಈ ಮನುಷ್ಯ ಒಂದೇ ಒಂದು ಸಲ "ಇದು ಸಂಗೀತ" ಅಂದರೆ ಸಾಕು ಎನ್ನುವ ಆಸೆ ಆವತ್ತಿನಿಂದ ಹತ್ತಿಕೊಂಡಿತು.

ಹೀಗಿರುವಾಗ ಭಾಮೈದನ ಮಗಳ ನಾಮಕರಣ ಬಂತು. ಮಾವನವರೇ ಫೋನ್ ಮಾಡಿದರು. "ಅಳಿಯಂದ್ರೇ, ನಿಮ್ದೂ ಒಂದ್ ಹತ್ತು ನಿಮಿಷ ಇಟ್ಕೊಳ್ಳಿ. ಮಗಾ ಹೆದರ್ಕೊಳ್ದೆ ಇದ್ರೆ ಸಾಕು."

ಮಾವನವರು ನಲವತ್ತು ವರ್ಷದಿಂದ ರೇಷ್ಮೆ ಹುಳು ಸಾಕುವವರು. ಮನೆಯ ಪಕ್ಕದಲ್ಲೇ ಹುಳುಮನೆ. ಆಗ ಹುಳುಗಳು ಕೊನೆಯ ಹಂತಕ್ಕೆ ಬಂದು, ಗೂಡು ಕಟ್ಟುವ ಮೊದಲು ಒಂದೇ ಸಮನೆ ಹಿಪ್ಪುನೇರಳೆ ಸೊಪ್ಪು ಮೇಯುತ್ತಿದ್ದವು. ಸಾವಿರಾರು ಹುಳು ಒಟ್ಟಿಗೆ ಮೇಯ್ದರೆ ಜಿಟಿಜಿಟಿ ಮಳೆ ಹಿಡಿದಂತೆ ಕೇಳುತ್ತದೆ. ನನಗೆ ಫಕ್ಕನೆ ಹೊಳೆಯಿತು. ಅವರ ಹುಳುಗಳ ಸದ್ದಿನಿಂದಲೇ ಅವರಿಗೊಂದು ಕೃತಿ!

ನಾಮಕರಣದ ದಿನ ಬೆಳಿಗ್ಗೆ ಸೊಪ್ಪು ಹಾಕುವ ಹೊತ್ತಿಗೆ ಹೋದೆ. ಮಾವನವರು ಕಾಲು ತೊಳೆಸಿ, ಬ್ಲೀಚಿಂಗ್ ನೀರಿನಲ್ಲಿ ಅದ್ದಿಸಿ, ಒಳಗೆ ಬಿಟ್ಟರು. ಹುಳುಮನೆಗೆ ರೋಗ ತರುವುದು ಹೊರಗಿನವರ ಕಾಲು ಎಂಬುದು ಅವರ ಖಚಿತ ಅಭಿಪ್ರಾಯ. ನಾನು ಮೈಕ್ ಇಟ್ಟು, ಹನ್ನೊಂದು ನಿಮಿಷ ಅಲುಗಾಡದೆ ಕೂತೆ.

ಸದ್ದು ಚೆನ್ನಾಗಿಯೇ ಬಂದಿತ್ತು. ಆದರೆ ಕಲಾವಿದನೆಂದ ಮೇಲೆ ಕೈಯಾಡಿಸಬೇಡವೇ? ಒಂದು ನಿಮಿಷವಾದ ಮೇಲೆ ಮೇಯುವ ವೇಗ ಮೆಲ್ಲನೆ ತಗ್ಗುವಂತೆ ಮಾಡಿದೆ. ಆಮೇಲೆ ಇನ್ನೂ ತಗ್ಗಿಸಿದೆ. ಕೊನೆಗೆ ಒಂದೇ ಒಂದು ಹುಳುವಿನ ಕಟುಕ್, ನಂತರ ಗಂಭೀರ ಮೌನ.

"ಮೊದ್ಲೇ ಚೆನ್ನಾಗಿತ್ತಲ್ರೀ, ಹಂಗೇ ಬಿಡಿ" ಎಂದಳು ಶೈಲಜ.

"ನಿಂಗೆ ಗೊತ್ತಾಗಲ್ಲ ಕಣೇ" ಎಂದೆ. ಗಂಡಸರ ಅನೇಕ ಅನಾಹುತಗಳು ಈ ಮಾತಿನಿಂದಲೇ ಆರಂಭವಾಗಿವೆ.

ಮಗುವಿಗೆ ಹೆಸರಿಟ್ಟು, ತೊಟ್ಟಿಲು ತೂಗಿದ್ದಾಯಿತು. ಅಂಗಳದಲ್ಲಿ ಊಟಕ್ಕೆ ಮೊದಲು ನನ್ನ ಸರದಿ. ಕುರ್ಚಿಗಳಲ್ಲಿ ಕೂತಿದ್ದವರಲ್ಲಿ ಮುಕ್ಕಾಲು ಪಾಲು ಹುಳು ಸಾಕುವವರೇ. ನಾನು ಗಂಟಲು ಸರಿಮಾಡಿಕೊಂಡು ಘೋಷಿಸಿದೆ: "ಇದು ಇವತ್ತು ಬೆಳಿಗ್ಗೆ ನಮ್ಮ ಮಾವನವರ ಹುಳುಮನೆಯಲ್ಲಿ ಹಿಡಿದ ಸದ್ದು!"

ಸ್ಪೀಕರಿನಿಂದ ಜಿಟಿಜಿಟಿ ಶುರುವಾಯಿತು. ಮಾವನವರ ಮುಖ ಅರಳಿತು. ಪಕ್ಕದಲ್ಲಿದ್ದ ನೆರೆಮನೆಯ ವೆಂಕಟರೋಣಪ್ಪನವರನ್ನು ತಿವಿದು, "ನಮ್ ಹುಳ ಕಣಯ್ಯಾ" ಎಂದರು. ತಲೆ ತಾನಾಗಿ ಆಡತೊಡಗಿತು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ! ನನ್ನ ಕಣ್ಣು ತುಂಬಿ ಬಂತು.

ಆಗ ವೇಗ ತಗ್ಗಿತು. ಮಾವನವರ ತಲೆ ನಿಂತಿತು. ಇನ್ನೂ ತಗ್ಗಿತು. ಸಭೆಯಲ್ಲಿ ಒಬ್ಬೊಬ್ಬರ ಮುಖವೂ ಇಳಿಯಿತು. ಭಾವಪರವಶರಾಗಿದ್ದಾರೆ ಎಂದುಕೊಂಡೆ. ಕೊನೆಯ ಕಟುಕ್ ಕೇಳಿ ಮೌನ ಆವರಿಸಿದ್ದೇ ತಡ, ಮಾವನವರು ದಡಕ್ಕನೆ ಎದ್ದು ನಿಂತರು. ಹಿಂದೆಯೇ ಸಭೆಗೆ ಸಭೆಯೇ ಎದ್ದಿತು! ನಾನು ಕೈಮುಗಿದು, ತಲೆಬಾಗಿ, ಗೌರವವನ್ನು ವಿನಯದಿಂದ ಸ್ವೀಕರಿಸಿದೆ.

ತಲೆ ಎತ್ತಿದಾಗ ಕುರ್ಚಿಗಳೆಲ್ಲ ಖಾಲಿ.

"ಹುಳ ಸೊಪ್ಪು ಬಿಟ್ಟೈತೆ! ಅಯ್ಯೋ, ಬೆಳೆ ಹೋಯ್ತು!" ಎಂದು ಕೂಗುತ್ತಾ ಮಾವನವರು ಹುಳುಮನೆಗೆ ಓಡುತ್ತಿದ್ದರು. ಕೊನೆಯ ಹಂತದಲ್ಲಿ ಹುಳು ಮೇಯುವುದು ನಿಧಾನವಾದರೆ ರೋಗ ಹೊಕ್ಕಿದೆ ಎಂದು ಅರ್ಥ. ಅದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ನನಗೊಬ್ಬನಿಗೇ ಅದು ರಾಗವಾಗಿ ಕೇಳಿತ್ತು.

"ಏಮೈಂದಣ್ಣಾ? ಸಪ್ಪೆ ರೋಗಾನಾ?" ಎಂದು ಅರ್ಧ ತೆಲುಗಿನಲ್ಲಿ, ಏನಾಯಿತೆಂದು ಕೇಳುತ್ತಾ ವೆಂಕಟರೋಣಪ್ಪ ಓಡಿದರು. ಅವರ ಹಿಂದೆ ನೆಂಟರು, ನೆಂಟರ ಹಿಂದೆ ಕೈಯಲ್ಲಿ ಪಂಚಪಾತ್ರೆ ಹಿಡಿದ ಪುರೋಹಿತರು. ಕಾಲು ತೊಳೆಯುವ ಮಾತಿರಲಿ, ಚಪ್ಪಲಿ ಬಿಡಲೂ ಯಾರಿಗೂ ನೆನಪಾಗಲಿಲ್ಲ. ಎಲ್ಲರೂ ಒಳಗೆ!

ಒಳಗೆ ಹುಳುಗಳು ಯಾವ ಯೋಚನೆಯೂ ಇಲ್ಲದೆ ಜಿಟಿಜಿಟಿ ಮೇಯುತ್ತಿದ್ದವು.

ಮಾವನವರು ಹೊಸ್ತಿಲ ಮೇಲೆ ಕುಸಿದು ಕೂತರು. ಅದನ್ನು ನೋಡಿ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನಾನೇ ನಿಧಾನ ಮಾಡಿದ್ದು ಮಾವ. ಕೇಳೋಕೆ ಚೆನ್ನಾಗಿರ್ಲಿ ಅಂತ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಚೆನ್ನಾಗ್ ಮೇಯ್ತಾ ಇದ್ದಿದ್ನ ಯಾಕಪ್ಪಾ ನಿಧಾನ ಮಾಡಿದ್ರಿ?" ಎಂದರು. ಬೆಂಗಳೂರಿನ ಸಭಾಂಗಣಗಳಲ್ಲಿ ನನ್ನ ಕಲೆಯ ಬಗ್ಗೆ ಎಷ್ಟೋ ಪ್ರಶ್ನೆಗಳಿಗೆ ಉದ್ದುದ್ದ ಉತ್ತರ ಕೊಟ್ಟವನು ನಾನು. ಈ ಪ್ರಶ್ನೆಗೆ ಮಾತ್ರ ಬಗ್ಗಿ, ಕಾಲಿನ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೆ.

ಸುಳ್ಳು ರೋಗ ಹೋಗಿ ಈಗ ನಿಜವಾದ ರೋಗದ ಭಯ. ಅಷ್ಟೂ ಜನ ಚಪ್ಪಲಿ ಕಾಲಲ್ಲಿ ತುಳಿದಿದ್ದಾರೆ! ಒಬ್ಬಟ್ಟಿನ ಊಟ ಬಿಟ್ಟು, ರೇಷ್ಮೆ ಪಂಚೆ ಎತ್ತಿ ಕಟ್ಟಿ, ಹುಳುಮನೆಯ ನೆಲಕ್ಕೆ ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿದೆ. ಆ ವಾರ ದಿನಕ್ಕೆರಡು ಸಲ ಫೋನ್ ಮಾಡಿ, "ಮೇಯ್ತಾ ಅವೆಯಾ ಮಾವ?" ಎಂದು ಕೇಳಿದೆ. ದೇವರು ದೊಡ್ಡವನು, ಹುಳುಗಳು ಬದುಕಿದವು. ಗೂಡು ಗಟ್ಟಿಯಾಗಿ ಬಂತು.

ಗೂಡು ಮಾರಿ ಬಂದ ಮೇಲೆ ಮಾವನವರು ನನ್ನನ್ನು ಕರೆಸಿಕೊಂಡರು. ಹುಳುಮನೆ ತೊಳೆದು ಖಾಲಿ ಬಿಟ್ಟಿತ್ತು. "ಬೆಳೆ ಇಲ್ದಿದ್ರೆ ಇಲ್ಲಿ ಬಿಕೋ ಅಂತೈತೆ" ಎಂದರು. "ಆವತ್ತು ಮೊದ್ಲು ಕೇಳಿಸ್ತಲ್ಲ, ಬರೀ ಅದನ್ನ ಹಾಕಿ."

ನಾಮಕರಣದ ಬೆಳಿಗ್ಗೆ ಹಿಡಿದ ಮೂಲ ರೆಕಾರ್ಡಿಂಗ್ ಹಚ್ಚಿ ಅವರ ಕಿವಿಗೆ ಹೆಡ್‌ಫೋನ್ ಹಾಕಿದೆ. ಅವರು ಹುಳು ಸಾಕುವ ಖಾಲಿ ತಟ್ಟೆಗಳ ಮಧ್ಯೆ ಕೂತು, ಕಣ್ಣು ಮುಚ್ಚಿ, ಹನ್ನೊಂದು ನಿಮಿಷವೂ ಕೇಳಿದರು. ಹೆಡ್‌ಫೋನ್ ತೆಗೆದಾಗ ಕಣ್ಣಂಚು ಒದ್ದೆಯಾಗಿತ್ತು.

"ಇದು ನೋಡಿ ಸಂಗೀತ ಅಂದ್ರೆ!"

ನನ್ನ ಎದೆ ಉಬ್ಬಿತು.

"ಇದ್ರಲ್ಲಿ ನೀವೇನ್ ಮಾಡಿದ್ರಿ?" ಎಂದು ಕೇಳಿದರು.

"ಏನೂ ಮಾಡ್ಲಿಲ್ಲ ಮಾವ. ಮೈಕ್ ಇಟ್ಟು ಸುಮ್ನೆ ಕೂತಿದ್ದೆ."

ಅವರು ಮೆಚ್ಚುಗೆಯಿಂದ ನನ್ನ ಬೆನ್ನು ತಟ್ಟಿದರು.

"ಹಂಗೇ ಮಾಡ್ಕೊಂಡ್ ಹೋಗಿ ಅಳಿಯಂದ್ರೇ. ಒಳ್ಳೇ ಹೆಸರು ಬರ್ತೈತೆ."