ಷಡ್ಡಕ ಹೇಳಿದ ಮೂರು ಹೋಟೆಲುಗಳು

ಅಂಡಮಾನಿಗೆ ಹೊರಡುವ ಮುನ್ನ ನಮ್ಮ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚಿಂತೆಯಿತ್ತು. ನನ್ನ ಹೆಂಡತಿ ಗಿರಿಜೆಗೆ ಹಡಗಿನಲ್ಲಿ ವಾಂತಿಯಾದರೆ ಏನು ಗತಿ ಎಂಬ ಚಿಂತೆ. ಸಾಯುವುದರೊಳಗೆ ಒಂದು ಸಲ ಸಮುದ್ರ ನೋಡಬೇಕೆಂದು ಮೂಗೂರಿನಿಂದ ಬಂದು ಸೇರಿಕೊಂಡಿದ್ದ ನಮ್ಮ ಅತ್ತೆಗೆ, ಅಷ್ಟೊಂದು ಉಪ್ಪುನೀರಿನ ನಡುವೆ ಲಿಂಗಪೂಜೆಗೆ ಸಿಹಿನೀರು ಸಿಗುತ್ತದೋ ಇಲ್ಲವೋ ಎಂಬ ಚಿಂತೆ. ನನಗೆ ಮಾತ್ರ ಯಾವ ಚಿಂತೆಯೂ ಇರಲಿಲ್ಲ. ಊಟ ತಿಂಡಿಯ ಖಾತೆಯನ್ನು ನಾನೇ ಕೇಳಿ ವಹಿಸಿಕೊಂಡಿದ್ದೆ!

ನಂಜನಗೂಡಿನ ಅಂಚೆ ಕಚೇರಿಯಲ್ಲಿ ಕೌಂಟರಿನ ಹಿಂದೆ ಕೂತು ದೇಶದ ಮೂಲೆಮೂಲೆಗೂ ಕಾಗದ ಕಳಿಸುವವನು ನಾನು. ಮೂರು ಜನರನ್ನು ಒಂದು ಹೋಟೆಲಿಗೆ ತಲುಪಿಸುವುದು ಯಾವ ಮಹಾ ಕೆಲಸ?

ನನ್ನ ಧೈರ್ಯಕ್ಕೆ ಕಾರಣ ನನ್ನ ಷಡ್ಡಕ ಮಹದೇವಸ್ವಾಮಿ. ಗಿರಿಜೆಯ ಅಕ್ಕನ ಗಂಡ. ತಿ. ನರಸೀಪುರದಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದಾರೆ. ನಮ್ಮದು ಮೀನು ಮಾಂಸ ಮುಟ್ಟದ ಮನೆತನವಾದರೂ ಅವರಷ್ಟು ಕಟ್ಟುನಿಟ್ಟಿನವರು ಯಾರೂ ಇಲ್ಲ. ಹಣೆಯ ತುಂಬ ವಿಭೂತಿ. ಮೊಟ್ಟೆ ಬೇಯಿಸಲು ಪಾತ್ರೆ ಕೊಡಿ ಎಂದು ಯಾರಾದರೂ ಅಂಗಡಿಗೆ ಬಂದರೆ, ಎದುರಿಗೆ ರಾಶಿ ಪಾತ್ರೆಯಿದ್ದರೂ ‘ಸ್ಟಾಕಿಲ್ಲ’ ಎನ್ನುವ ಮನುಷ್ಯ! ಅವರು ಹಿಂದಿನ ವರ್ಷ ಅಂಗಡಿಯವರ ಗುಂಪು ಕಟ್ಟಿಕೊಂಡು, ಹೆಂಡತಿಯನ್ನು ಮನೆಯಲ್ಲೇ ಬಿಟ್ಟು, ಇದೇ ದ್ವೀಪಕ್ಕೆ ಹೋಗಿಬಂದಿದ್ದರು. ಬಂದಾಗಿನಿಂದ ಅವರ ಬಾಯಲ್ಲಿ ಅಲ್ಲಿನ ಊಟದ್ದೇ ಮಾತು.

“ಜೆಟ್ಟಿ ಹಿಂದುಗಡೆ ಒಂದು ಮೆಸ್ಸು. ಮಾರ್ಕೆಟ್ಟಿನ ಹತ್ರ ಒಂದು ಚಪ್ಪರದ ಹೋಟ್ಲು. ಆಮೇಲೆ ದೋಣೀಲಿ ಆಚೆ ದ್ವೀಪಕ್ಕೋದ್ರೆ ತೆಂಗಿನಮರದ ಕೆಳ್ಗೆ ಇನ್ನೊಂದು. ಆಹಾ! ತಮ್ಮಾ, ಈ ಮೂರು ಬಿಟ್ಟು ಬೇರೆಲ್ಲೂ ಹೋಗ್ಬೇಡ ಕಣಪ್ಪಾ” ಎಂದು ಕಣ್ಣು ಮುಚ್ಚಿದರು.

“ಅಂತಾದ್ದು ಏನ್ ಕೊಟ್ರಪ್ಪಾ?” ಎಂದು ಅತ್ತೆ ಕೇಳಿದರು.

“ಊಟ ಕಣತ್ತೆ, ಊಟ!” ಎಂದರು ಷಡ್ಡಕ, ಕಣ್ಣು ತೆರೆಯದೆ.

ಊಟ ಎಂದರೆ ಯಾವ ಊಟ ಎಂದು ನಾನಾದರೂ ಕೇಳಬೇಕಿತ್ತು. ಕೇಳಲಿಲ್ಲ. ಬದಲಿಗೆ, ಸೀರೆಗಳ ನಡುವೆ ಅತ್ತೆ ತುರುಕುತ್ತಿದ್ದ ರಾಗಿಹಿಟ್ಟಿನ ಗಂಟನ್ನು ಈಚೆಗೆ ಎಳೆದು, “ಅತ್ತೆ, ನಾವು ಪ್ರವಾಸಕ್ಕೆ ಹೋಗ್ತಿರೋದು, ಗದ್ದೆ ನಾಟಿಗಲ್ಲ. ಭಾವನೇ ಊಟ ಮಾಡಿದ ಜಾಗ ಅಂದ್ಮೇಲೆ ಯೋಚನೆ ಏನು?” ಎಂದು ಭಾಷಣ ಮಾಡಿದೆ. ಅತ್ತೆ ‘ಊ’ ಎಂದು ಗಂಟನ್ನು ಎತ್ತಿಕೊಂಡು ಒಳಗೆ ಹೋದರು.

ಹಡಗಿನಲ್ಲಿ ಮೊಸರನ್ನ, ಉಪ್ಪಿನಕಾಯಿಯ ಮೇಲೆ ಬದುಕಿದೆವು. ಗಿರಿಜೆಗೆ ಅದೂ ಹೊಟ್ಟೆಯಲ್ಲಿ ಉಳಿಯಲಿಲ್ಲ. ಪೋರ್ಟ್‌ಬ್ಲೇರಿನಲ್ಲಿ ಇಳಿದು ಲಾಡ್ಜಿಗೆ ಸಾಮಾನು ಹಾಕಿದ್ದೇ ತಡ, “ನಡೀರಿ, ಜೆಟ್ಟಿ ಹಿಂದಿನ ಮೆಸ್ಸಿಗೆ!” ಎಂದು ದಂಡನಾಯಕನಂತೆ ಮುಂದೆ ನಡೆದೆ. ಬಿಸಿಲಿಗೆ ಬೆವರು ಧಾರಾಕಾರ. ಕಂಡಕಂಡವರನ್ನು ನನ್ನ ಹಿಂದಿಯಲ್ಲಿ ಕೇಳಿದೆ. ಒಬ್ಬೊಬ್ಬರೂ ಒಂದೊಂದು ದಿಕ್ಕು ತೋರಿಸಿದರು. ದಿಕ್ಕುಗಳು ಮುಗಿದ ಮೇಲೆ ಮೆಸ್ಸು ಸಿಕ್ಕಿತು.

ಬಾಗಿಲಿನಲ್ಲೇ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು.

“ಏನೋ ನಾತ ಒಡೀತದಲ್ಲಾ ಅಳಿಯಂದ್ರೇ?”

“ಸಮುದ್ರದ ಗಾಳಿ ಅತ್ತೆ. ಆರೋಗ್ಯಕ್ಕೆ ಒಳ್ಳೇದು.”

ಒಳಗೆ ಸಮುದ್ರದ ಗಾಳಿ ಮಾತ್ರವಲ್ಲ, ಸಮುದ್ರದ ಸಮಸ್ತ ನಿವಾಸಿಗಳೂ ಇದ್ದರು. ಬಾಣಲೆಯಲ್ಲಿ, ಬುಟ್ಟಿಯಲ್ಲಿ, ತಟ್ಟೆಯಲ್ಲಿ! ಮೀನು ಇಲ್ಲದ್ದು ಏನಿದೆ ಎಂದು ಕೇಳಿದೆ. ಮೆಸ್ಸಿನವನು ಬಹಳ ಹೊತ್ತು ಯೋಚಿಸಿ, “ನೀರು” ಎಂದ.

ಆ ದಿನ ಬಾಳೆಹಣ್ಣು ತಿಂದು ಮಲಗಿದೆವು. “ಭಾವ ಹೇಳಿದ್ದು ಇನ್ಯಾವುದೋ ಮೆಸ್ಸು. ನಾನೇ ದಾರಿ ತಪ್ಪಿರಬೇಕು” ಎಂದೆ.

“ನೀವು ಮನೆಯಿಂದ್ಲೇ ದಾರಿ ತಪ್ಪಿದ್ದೀರ. ಇರೋ ರಾಗಿಹಿಟ್ಟು ಬಿಟ್ಟು ಬಂದ್ರಲ್ಲಾ!” ಎಂದಳು ಗಿರಿಜೆ, ಬಾಳೆಹಣ್ಣಿನ ಸಿಪ್ಪೆಯನ್ನು ನನ್ನ ಕಡೆಗೇ ಎಸೆಯುವಂತೆ ಎಸೆದು.

ಮರುದಿನ ಸೋಮವಾರ. ಅತ್ತೆಗೆ ಒಪ್ಪತ್ತು. ಸಂಜೆ ಪೂಜೆಯಾಗುವವರೆಗೆ ಅವರು ಏನೂ ತಿನ್ನುವುದಿಲ್ಲ. ಆ ಒಪ್ಪತ್ತಿಗೆ ನಾನು ಇಂದಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಮಧ್ಯಾಹ್ನ ಮಾರ್ಕೆಟ್ಟಿನ ಹತ್ತಿರದ ಚಪ್ಪರದ ಹೋಟೆಲು ಸುಲಭವಾಗಿ ಸಿಕ್ಕಿತು. ಗೋಡೆಯ ಮೇಲೆ ದೇವರ ಪಟ, ಪಟಕ್ಕೆ ಹೂವು, ಊದುಬತ್ತಿ. ನನಗೆ ಜೀವ ಬಂದಂತಾಯಿತು. ಬಡಿಸುವವನು ತಮಿಳಿನವನು. ಪುಟ್ಟು ಇದೆ ಎಂದ. ನಾನು ಗಿರಿಜೆಯ ಕಡೆ ತಿರುಗಿ ಹೆಮ್ಮೆಯಿಂದ, “ಪುಟ್ಟು ಅಂದ್ರೆ ಅಕ್ಕಿಹಿಟ್ಟು, ತೆಂಗಿನಕಾಯಿ ಹಾಕಿ ಹಬೇಲಿ ಬೇಯಿಸೋದು. ನಾಲ್ಕು ಊರು ನೋಡಿದವನಿಗೆ ಇದೆಲ್ಲ ಗೊತ್ತಿರತ್ತೆ” ಎಂದೆ. ಅವನು ಪುಟ್ಟುವಿನ ಹಿಂದೆ ‘ಸುರಾ’ ಎಂದೇನೋ ಸೇರಿಸಿದ. ಊರಿನ ಹೆಸರಿರಬಹುದು ಎಂದುಕೊಂಡೆ. ಮೈಸೂರು ಪಾಕು ಇಲ್ಲವೇ, ಹಾಗೆ!

ಬಂದದ್ದು ಬೆಳ್ಳಗಿರಲಿಲ್ಲ. ನುಚ್ಚಿನುಂಡೆಯನ್ನು ಪುಡಿ ಮಾಡಿ, ಈರುಳ್ಳಿ, ಬೆಳ್ಳುಳ್ಳಿ, ಕರಿಬೇವು ಹಾಕಿ ಹುರಿದಂತಿತ್ತು. ಬಾಯಿಗಿಟ್ಟೆ. ಏನು ಹೇಳಲಿ! ಅನ್ನಕ್ಕೆ ಕಲಸಿ ತಿಂದೆ. ಬರೀದೂ ತಿಂದೆ. ತಟ್ಟೆ ಖಾಲಿಯಾಗಿದ್ದೇ ಕೈ ಎತ್ತಿ ಇನ್ನೊಂದು ಸಲ ಹಾಕಿಸಿಕೊಂಡೆ.

“ಬೇಳೆ ಎಷ್ಟು ಹದವಾಗಿ ಬೆಂದಿದೆ ನೋಡೇ. ನೀನೂ ಕಲಿತುಕೋ.”

ಹಡಗಿನ ವಾಂತಿಯ ಸುಸ್ತು ಇನ್ನೂ ಬಿಡದ ಗಿರಿಜೆ ಮಜ್ಜಿಗೆ ಅನ್ನದಲ್ಲೇ ಇದ್ದಳು. “ನಂಗೆ ಬೇಡ” ಎಂದಳು. ನಾನು ಅತ್ತೆಯ ಕಡೆ ತಟ್ಟೆ ಸರಿಸಿದೆ.

“ಅತ್ತೆ, ಒಂದು ಚೂರು ರುಚಿ ನೋಡಿ. ಶಿವ ಏನೂ ಅನ್ಕೊಳ್ಳಲ್ಲ.”

“ಸೋಮಾರ ಕಣಪ್ಪ. ನೀವ್ ತಿನ್ನಿ” ಎಂದರು ಅತ್ತೆ.

ನಾನು ತಿಂದೆ. ಅವರ ಪಾಲನ್ನೂ ತಿಂದೆ.

ಮಾರನೆಯ ದಿನ ದೋಣಿಯಲ್ಲಿ ಆಚೆ ದ್ವೀಪಕ್ಕೆ ಹೋದೆವು. ಹಸಿರು ನೀರು, ಬಿಳಿ ಮರಳು. ಅತ್ತೆ ಕಾಲು ನೆನೆಸಿಕೊಂಡು, ನೀರನ್ನು ಬೊಗಸೆಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡು, “ಕಬಿನಿ ಕಾವೇರಿ ಎಲ್ಲಾ ಬಂದ್ ಸೇರೋದು ಇಲ್ಗೇ ಅಲ್ವೇನವ್ವಾ?” ಎಂದು ಮಗಳನ್ನು ಕೇಳಿದರು. ಆ ಮುಖ ನೋಡಿ, ಬಂದದ್ದು ಸಾರ್ಥಕವಾಯಿತು ಅನಿಸಿತು. ಅಲ್ಲಿಗೇ ಲಾಡ್ಜಿಗೆ ವಾಪಸ್ಸಾಗಿದ್ದರೆ ಈ ಕಥೆ ಚೆನ್ನಾಗಿ ಮುಗಿಯುತ್ತಿತ್ತು. ಆದರೆ ನಾನು ಬಿಡಬೇಕಲ್ಲ! “ತೆಂಗಿನಮರದ ಕೆಳಗಿನ ಹೋಟೆಲು ಇಲ್ಲೇ ಎಲ್ಲೋ ಇರಬೇಕು” ಎಂದೆ.

ಇತ್ತು. ಯಜಮಾನ ಸೆಲ್ವಂ ಎನ್ನುವವನು. ಯಾವ ಊರು ಎಂದು ಕೇಳಿದ. ನಂಜನಗೂಡು ಅಂದರೆ ಗೊತ್ತಾಗಲಿಕ್ಕಿಲ್ಲ ಎಂದು, ನರಸೀಪುರದ ಹತ್ತಿರ ಎಂದೆ. ಅವನಿಗೆ ಅದು ಹೇಗೆ ಗೊತ್ತಿರಲು ಸಾಧ್ಯ ಎಂಬ ಪ್ರಶ್ನೆ ನನಗೆ ಹೊಳೆಯುವ ಮೊದಲೇ ಅವನ ಮುಖ ಅರಳಿತು. “ನರಸೀಪುರ! ಸ್ವಾಮಿ ಸಾರ್!” ಎಂದು ಕೂಗುತ್ತಾ ಗೋಡೆಯ ಕಡೆ ಬೆರಳು ತೋರಿಸಿದ.

ಗೋಡೆಯ ಮೇಲೆ ಕಟ್ಟು ಹಾಕಿಸಿದ ಫೋಟೋ. ಫೋಟೋದಲ್ಲಿ ನನ್ನ ಷಡ್ಡಕ. ಷಡ್ಡಕನ ಮುಂದೆ ತಟ್ಟೆ. ತಟ್ಟೆಯಿಂದ ಎತ್ತಿ ಎರಡೂ ಕೈಯಲ್ಲಿ ಹಿಡಿದಿದ್ದದ್ದು ತೋಳುದ್ದದ ಕೆಂಪು ಸಿಗಡಿ!

ಸಾರ್ ಊರಿಗೆ ಹೋದ ಮೇಲೆ ಪೋಸ್ಟಿನಲ್ಲಿ ಕಳಿಸಿದರು ಎಂದ ಸೆಲ್ವಂ. ನಮ್ಮ ಇಲಾಖೆ ಒಂದು ಮೂಲೆಯೂ ಮಡಚದಂತೆ ಎಷ್ಟು ಜೋಪಾನವಾಗಿ ತಲುಪಿಸಿತ್ತು!

ನಾನು ಗೋಡೆಗೆ ಅಡ್ಡ ನಿಂತೆ. ಗಿರಿಜೆಯ ಅಕ್ಕನ ಸಂಸಾರದ ಗತಿಯೇನು? ಅತ್ತೆಯ ಎದೆ ಒಡೆದರೆ? ಆದರೆ ನನ್ನ ದೇಹ ಸಣ್ಣದು. ಫೋಟೋ ದೊಡ್ಡದು.

“ಅದು ನಮ್ ಮಾದೇವಸ್ವಾಮಿ ಅಲ್ವಾ?” ಎಂದರು ಅತ್ತೆ.

“ಅಲ್ಲ ಅತ್ತೆ, ಯಾರೋ ಅದೇ ಥರ ಇರೋರು.”

“ಅಣೇಲಿ ಇಬೂತಿ ಅದೆ. ಕೈಲಿರೋ ವಾಚು ಮದ್ವೇಲಿ ನಾವೇ ಆಕಿದ್ದು.” ಹತ್ತಿರ ಬಂದು ಕಣ್ಣು ಕಿರಿದು ಮಾಡಿದರು. “ಅದೇನ್ ಇಡ್ಕಂಡವ್ನೆ? ಚೇಳಾ?”

ಮುಳುಗುವವನಿಗೆ ಹಲಗೆ ಸಿಕ್ಕಿತು. “ಹೌದು ಅತ್ತೆ, ಚೇಳು! ಇಲ್ಲಿನ ಚೇಳು ಅಷ್ಟು ದಪ್ಪ. ಭಾವ ಧೈರ್ಯವಾಗಿ ಹಿಡಿದು ಜನರನ್ನ ಕಾಪಾಡಿದ್ದಾರೆ. ಅದಕ್ಕೇ ಫೋಟೋ ಹಾಕಿದ್ದಾರೆ!”

ಅತ್ತೆ ಇನ್ನಷ್ಟು ಬಗ್ಗಿ ನೋಡಿದರು.

“ಸರಿ. ಚೇಳ್ಗೆ ನಿಂಬೆಣ್ಣು ಯಾಕ್ ಇಂಡವ್ರೆ?”

ಗಿರಿಜೆ ಬಾಯಿಗೆ ಸೆರಗು ಒತ್ತಿಕೊಂಡು ನಗು ತಡೆಯುತ್ತಿದ್ದಳು. ತಡೆದಿದ್ದರೆ ಸಾಕಿತ್ತು. ಅವಳಿಗೆ ಇದ್ದಕ್ಕಿದ್ದಂತೆ ಏನೋ ಹೊಳೆದು, ನಮ್ಮ ಗಡಿಸೀಮೆಯ ಸಂತೆಗಳಲ್ಲಿ ಕಲಿತ ಅರೆಬರೆ ತಮಿಳಿನಲ್ಲಿ ಸೆಲ್ವಂನನ್ನು ಕೇಳಿಯೇಬಿಟ್ಟಳು: ಅಣ್ಣಾ, ಸುರಾ ಪುಟ್ಟು ಅಂದರೆ ಯಾವ ಬೇಳೆ?

ಸೆಲ್ವಂ ಬೇಳೆ ಎಂಬ ಮಾತಿಗೇ ಹೊಟ್ಟೆ ಹಿಡಿದುಕೊಂಡು ನಕ್ಕ. ಸುರಾ ಎಂದರೆ ಮೀನು. ದೊಡ್ಡ ಮೀನು. ಬೇಯಿಸಿ, ಉದುರಿಸಿ, ಹುರಿದರೆ ಪುಟ್ಟು. ಎಷ್ಟು ದೊಡ್ಡ ಮೀನೆಂದು ನಮಗೆ ತಿಳಿಯಲಿ ಎಂದು ಎರಡೂ ಕೈ ಚಾಚಿ, ಹಲ್ಲು ತೋರಿಸಿ, ಮನುಷ್ಯನನ್ನು ಕಚ್ಚಿ ನುಂಗುವುದನ್ನು ಅಭಿನಯಿಸಿ ತೋರಿಸಿದ. ಶಾರ್ಕು!

ಅತ್ತೆಗೆ ಭಾಷೆ ಬಾರದಿದ್ದರೂ ಅಭಿನಯ ಪೂರ್ತಿ ಅರ್ಥವಾಯಿತು. ಕೆನ್ನೆಗೆ ಕೈ ಹಚ್ಚಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಆಳ್ನೇ ನುಂಗೋ ಮೀನ ನೀವ್ ನುಂಗ್ಬುಟ್ರಾ ಅಳಿಯಂದ್ರೇ?”

ನಾನು ಸಮುದ್ರದ ಕಡೆ ಓಡಿದೆ. ವಾಂತಿ ಮಾಡಿ ಬಾಯಿ ಮುಕ್ಕಳಿಸಿದೆ. ಉಪ್ಪುನೀರಿನಿಂದ ಮುಕ್ಕಳಿಸುತ್ತಿದ್ದಾಗ, ಇದೇ ನೀರಿನಲ್ಲಿ ತಾನೇ ಅದು ಈಜುತ್ತಿದ್ದದ್ದು ಎಂದು ನೆನಪಾಗಿ ಇನ್ನೊಂದು ಸುತ್ತು ವಾಂತಿ ಮಾಡಿದೆ. ಹಡಗಿನಲ್ಲಿ ಗಿರಿಜೆಯ ಬೆನ್ನು ನಾನು ನೀವಿದ್ದೆ. ಈಗ ನನ್ನ ಬೆನ್ನನ್ನು ಅವಳು ನೀವಿದಳು. ನಡುನಡುವೆ ಕೈ ಅಲುಗುತ್ತಿತ್ತು. ನಗು!

ಲಾಡ್ಜಿಗೆ ಬಂದ ಮೇಲೆ ಅತ್ತೆ ತಮ್ಮ ಹಾಸಿಗೆ ಸುರುಳಿಯನ್ನು ಬಿಚ್ಚಿದರು. ಅದರ ನಡುವಿನಿಂದ ರಾಗಿಹಿಟ್ಟು, ಹುರುಳಿಕಾಳು, ಹುಣಸೆಹಣ್ಣು, ಕೊನೆಗೆ ಮುದ್ದೆ ತಿರುವುವ ಕೋಲು ಒಂದೊಂದಾಗಿ ಈಚೆಗೆ ಬಂದವು. ಯಾವಾಗ ತುರುಕಿದರೋ! “ಬ್ಯಾಡ ಅಂದ್ರಿ, ಊ ಅಂದೆ. ಎದ್ರುಗೆ ಯಾಕ್ ಮಾತು ಅಂತ” ಎಂದರು. ಲಾಡ್ಜಿನ ಹಿತ್ತಿಲಲ್ಲಿ ಒಲೆ ಹೂಡಿದರು. ಉಳಿದಷ್ಟು ದಿನ ಎರಡು ಹೊತ್ತೂ ಮುದ್ದೆ, ಹುರುಳಿಸಾರು. ಆ ಸುಂದರ ದ್ವೀಪದಲ್ಲಿ ನನಗೆ ಅತಿ ಪ್ರಿಯವಾದ ಊಟದ ಜಾಗ ಯಾವುದೆಂದು ಯಾರಾದರೂ ಕೇಳಿದರೆ, ಲಾಡ್ಜಿನ ಹಿತ್ತಿಲು, ಬಟ್ಟೆ ಒಗೆಯುವ ಕಲ್ಲಿನ ಪಕ್ಕ!

ಆದರೆ ಷಡ್ಡಕನನ್ನು ಸುಮ್ಮನೆ ಬಿಡುವುದುಂಟೆ? ಹಡಗು ಮದರಾಸು ಮುಟ್ಟುವವರೆಗೂ ಮಾತು ಮಸೆದೆ. ಊರಿಗೆ ಬಂದ ಮೇಲಿನ ಭಾನುವಾರ ಅತ್ತೆ ಮೂಗೂರಿನಲ್ಲಿ ಎಲ್ಲರಿಗೂ ಊಟಕ್ಕೆ ಹೇಳಿದ್ದರು. ಷಡ್ಡಕ ಬಂದರು. ವಿಭೂತಿ ಎಂದಿಗಿಂತ ದಪ್ಪವಾಗಿತ್ತು. ಪಂಕ್ತಿಯಲ್ಲಿ ನನ್ನ ಪಕ್ಕವೇ ಕೂತರು. ಬಡಿಸುತ್ತಿದ್ದ ಅತ್ತೆ, ಅಕ್ಕ, ಗಿರಿಜೆ ಎಲ್ಲರೂ ಎದುರಿಗಿರುವಾಗ ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ.

“ಭಾವ, ಆ ತೆಂಗಿನಮರದ ಹೋಟೆಲಲ್ಲಿ...”

“ಅಳಿಯಂದ್ರೇ!” ಎಂದರು ಅತ್ತೆ, ಸಾರಿನ ಸೌಟು ಹಿಡಿದೇ. “ಅವ್ನು ತಿಳ್ದು ತಿಂದ, ಫೋಟೋ ತೆಗುಸ್ಕಂಡ. ನೀವು ಬೇಳೆ ಅಂದ್ಕಂಡು ತಿಂದು, ಎಲ್ಡನೇ ಸಲ ಆಕುಸ್ಕಂಡು, ನಂಗೂ ತಿನ್ಸಕ್ ಬಂದ್ರಿ. ಯಾರ್ ಸುದ್ದಿ ಮೊದ್ಲು ಏಳ್ಳಿ?”

ಅಕ್ಕ, “ಏನು? ಯಾವ ಸುದ್ದಿ?” ಎಂದರು. ಅತ್ತೆ ಅನ್ನದ ಪಾತ್ರೆಯನ್ನು ಅವರ ಕೈಗಿಟ್ಟರು. ನಾನು ತಲೆ ತಗ್ಗಿಸಿ ಎಲೆಯ ಕಡೆ ನೋಡಿದೆ. ತೊಗರಿಬೇಳೆ ನುಚ್ಚಿನುಂಡೆ! ಬೇಕೆಂದೇ ಮಾಡಿದ್ದರು.

ಕೈ ತೊಳೆಯುವಾಗ ಷಡ್ಡಕ ಹಿಂದಿನಿಂದ ಬಂದು ನನ್ನ ಭುಜದ ಮೇಲೆ ಕೈಯಿಟ್ಟರು. ಕ್ಷಮೆ ಕೇಳುತ್ತಾರೆಂದು ನಾನು ಮುಖ ಗಂಭೀರ ಮಾಡಿಕೊಂಡೆ. ಅವರು ಅತ್ತಿತ್ತ ನೋಡಿ, ಕಿವಿಯ ಹತ್ತಿರ ಬಗ್ಗಿ, ನಿಜವಾದ ಗೌರವದಿಂದ ಪಿಸುಗುಟ್ಟಿದರು:

“ಬೇಳೆ ಅಂದ್ಕೊಂಡು ತಿಂದಿದ್ದು ಆ ಚಪ್ಪರದ ಹೋಟ್ಲಿನ ಶಾರ್ಕಾ? ಎರಡು ಸಲ ಹಾಕಿಸ್ಕೊಂಡ್ಯಾ? ನಾನು ನೋಡೇ ಹೆದ್ರಿ ಬಿಟ್ಬಿಟ್ಟೆ ಕಣಪ್ಪಾ!”